ಸಣ್ಣ ಉರಿ

ಅಡುಗೆಮನೆಯಿಂದ ಬಂದ ‘ಸುಸ್’ ಎಂಬ ಸದ್ದಿಗೆ ಎಚ್ಚರವಾಯಿತು. ನಡುರಾತ್ರಿ ದಾಟಿತ್ತು. ಹೆದ್ದಾರಿಯಲ್ಲಿ ಲಾರಿಗಳ ಸದ್ದು ತುಸು ನಿಂತಿದ್ದರಿಂದ ಕೇಳಿಸಿತು. ಇಲ್ಲದಿದ್ದರೆ ಆನೇಮಹಲ್ ಊರಿನ, ರಸ್ತೆಬದಿಯ ನಮ್ಮ ಮನೆಯಲ್ಲಿ ಇಷ್ಟು ಸಣ್ಣ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಜೊತೆಗೆ ಗ್ಯಾಸಿನಂಥ ವಾಸನೆಯೂ ಇತ್ತು. ಆದರೂ ತಕ್ಷಣ ಏಳಲಿಲ್ಲ.

ಕಾರಣ ಕಳಲೆ. ಹೋದ ಮಳೆಗಾಲದಲ್ಲಿ ಇಂಥದೇ ವಾಸನೆಗೆ ಹೆದರಿ, ಎಲ್ಲರನ್ನೂ ಅಂಗಳಕ್ಕೆ ಹೊರಡಿಸಿ, ಗ್ಯಾಸಿನ ಗುಂಡಯ್ಯನನ್ನು ಕರೆಸಿದ್ದೆ. ಅವನು ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡಿದ, ಮೂಸಿದ, ಕೊನೆಗೆ ಮೂಲೆಯ ಪಾತ್ರೆಯ ಮುಚ್ಚಳ ತೆಗೆದ. ಒಳಗೆ ಅತ್ತೆ ಇಂದ್ರಮ್ಮ ನೆನೆಹಾಕಿದ್ದ ಎಳೆ ಬಿದಿರು. ದಿನಾ ನೀರು ಬದಲಿಸಿದರೂ ಅದು ನಾರುವುದೇ ಹಾಗೆ.

“ಡಿಗ್ರಿ ಓದಿರೋರಿಗೆ ಕಳಲೆ ವಾಸ್ನೆ ಗೊತ್ತಾಗಲ್ವೇನಕ್ಕ? ಇದನ್ನೇ ಸಿಲಿಂಡರಿಗೆ ತುಂಬ್ಸಂಗಿದ್ರೆ ರೇಟಾದ್ರೂ ಇಳೀತಿತ್ತು!” ಎಂದು ನಕ್ಕಿದ್ದ. ಊರೂ ನಕ್ಕಿತ್ತು.

ಈಗಲೂ ಪಾತ್ರೆಯಲ್ಲಿ ಕಳಲೆ ನೆನೆಯುತ್ತಿತ್ತು. ಆದರೆ ಕಳಲೆ ಸದ್ದು ಮಾಡುವುದಿಲ್ಲ. ಎದ್ದೆ.

ಲೈಟಿನ ಸ್ವಿಚ್ ಮುಟ್ಟಲಿಲ್ಲ. ಘಾಟಿಯತ್ತ ಹೊರಟ ಲಾರಿಯೊಂದರ ಬೆಳಕು ಗೋಡೆಯ ಮೇಲೆ ಸರಿದಾಗ ಅತ್ತೆ ಕಂಡರು. ಒಲೆಯ ಪಕ್ಕದ ಸ್ಟೂಲಿನಲ್ಲಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಒಲೆಯ ಮೇಲೆ ಕೆಮ್ಮಿನ ಕಷಾಯ. ಕೆಳಗೆ ಉರಿಯಿರಲಿಲ್ಲ. ಅರೆತೆರೆದ ಕಿಟಕಿಯ ಗಾಳಿಗೆ ಆರಿತ್ತು.

ನಾಬ್ ತಿರುಗಿಸಿದೆ, ರೆಗ್ಯುಲೇಟರ್ ಮುಚ್ಚಿದೆ, ಹಿತ್ತಲ ಬಾಗಿಲು ತೆರೆದು ಅತ್ತೆಯ ಭುಜ ಅಲುಗಿಸಿದೆ. “ಅತ್ತೆ... ಅತ್ತೆ!”

“ಹ್ಞಾಂ? ಉಕ್ಕೋಯ್ತಾ?” ಎಂದರು.

ಅವರನ್ನು ಹಿಡಿದುಕೊಂಡೇ ಹೊರಗೆ ಬಂದು ಕಲ್ಲಿನ ಮೇಲೆ ಕುಳಿತೆ.

ಸಿಲಿಂಡರಿನ ದರ ಮತ್ತೆ ಏರಿದಾಗಿನಿಂದ ಅತ್ತೆ ಉರಿಯನ್ನು ಮಲ್ಲಿಗೆ ಮೊಗ್ಗಿನಷ್ಟೇ ಇಡುತ್ತಿದ್ದರು. ಗ್ಯಾಸು ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ, ಅಲ್ಲಿ ಏರಿದರೆ ಇಲ್ಲೂ ಏರುತ್ತದೆ ಎಂದು ಪೇಪರ್ ಓದಿ ಹೇಳಿದ್ದೆ. ಅವರು ಒಪ್ಪಲಿಲ್ಲ. “ಮಂಗ್ಳೂರಿನ ಟ್ಯಾಂಕರು ದಿನಾ ನಮ್ಮನೆ ಮುಂದೇನೇ ಹೋಯ್ತವೆ. ನಮ್ಗ್ಯಾಕೆ ಯಾವ್ದೋ ದೇಶದ ರೇಟು ಮಾರಾಯ್ತಿ?”

ಹೋದ ತಿಂಗಳು ಅತ್ತೆ ಒಲೆಯ ಮೇಲಿಟ್ಟು ಮರೆತ ಹಾಲು ಸೀದುಹೋದಾಗ ನನ್ನ ಗಂಡ ಪ್ರದೀಪ್ ಖಡಾಖಂಡಿತವಾಗಿ ಹೇಳಿದ್ದ: “ಇನ್ನೊಂದ್ಸಲ ಹಿಂಗಾದ್ರೆ ನೀನು ಅಡುಗೆಮನೆಗೇ ಹೋಗ್ಬೇಡಮ್ಮ.” ಅಂದು ರಾತ್ರಿ ಅತ್ತೆ ಊಟ ಮಾಡಿರಲಿಲ್ಲ.

“ಪ್ರದೀಪಂಗೆ ಹೇಳ್ತೀಯ?” ಈಗ ಅವರ ದನಿ ಸಣ್ಣದಾಗಿತ್ತು.

“ರಾತ್ರಿ ಒಲೆ ಹಚ್ಬೇಕಾದ್ರೆ ನನ್ನ ಎಬ್ಬಿಸ್ತೀರಾ?”

“ನಿನ್ನ ಎಬ್ಬಿಸೋದೇನು, ನೀನು ನಿದ್ದೆ ಮಾಡಿದ್ರೆ ತಾನೆ?”

ನನಗೆ ನಗು ಬಂತು, ಅವರಿಗೂ. ಆಮೇಲೆ ನನ್ನ ಕೈಹಿಡಿದು, “ಎಬ್ಬಿಸ್ತೀನಿ ಕಣೆ, ದೇವ್ರಾಣೆ” ಎಂದರು.

ನಗು ಕೇಳಿ ಪ್ರದೀಪ್ ಎದ್ದು ಬಂದ. “ಏನಿದು ರಶ್ಮಿತಾ, ಬಾಗ್ಲೆಲ್ಲ ತೆಗ್ದು? ಮತ್ತೆ ಗ್ಯಾಸಾ?”

ಅತ್ತೆಯ ಹಿಡಿತ ಬಿಗಿಯಾಯಿತು.

“ಒಳಗೆ ಕಳಲೆ ನೆನೆಹಾಕಿದೀವಲ್ಲ,” ಎಂದೆ. ಅದು ಸುಳ್ಳಲ್ಲ.

“ಆಹಾ! ನಾಳೆ ಗುಂಡಯ್ಯಂಗೆ ಹೇಳ್ತೀನಿ ತಡಿ, ನಿಂಗೊಂದು ಕಳಲೆ ಕನೆಕ್ಷನ್ ಕೊಟ್ಬುಡ್ಲಿ,” ಎಂದು ನಗುತ್ತಾ ಮಲಗಲು ಹೋದ.

ನಾವಿಬ್ಬರೂ ಅಲ್ಲೇ ಕುಳಿತೆವು. ಗಾಳಿ ಮನೆಯೊಳಗೆಲ್ಲ ಹಾದುಹೋಯಿತು. ನಾನು ಎದ್ದೆದ್ದು ಹೋಗಿ ಮೂಸಿ ಬರುತ್ತಿದ್ದೆ. ಕೊನೆಗೆ ಬರೀ ಕಳಲೆಯ ನಾತ ಉಳಿಯಿತು. ಅದು ಅಷ್ಟು ಹಿತವಾಗಿ ನನ್ನ ಮೂಗಿಗೆ ಎಂದೂ ಬಡಿದಿರಲಿಲ್ಲ.

ಬೆಳಿಗ್ಗೆ ಅತ್ತೆ ಕಾಫಿಗೆ ನೀರಿಟ್ಟು, ನಾನು ಬರುವವರೆಗೆ ಕಾದು, ಒಲೆ ಹಚ್ಚಿದರು. ಉರಿ ಪಾತ್ರೆಯ ತಳ ತುಂಬುವಷ್ಟಿತ್ತು.

“ರೇಟು?” ಎಂದೆ.

“ಹಾಳಾಗೋಗ್ಲಿ” ಎಂದರು.

ಹೊರಗೆ ಪ್ರದೀಪ್ ಯಾರಿಗೋ ಫೋನಿನಲ್ಲಿ ನನ್ನ ಕಳಲೆಯ ಕತೆ ಹೇಳಿಕೊಂಡು ನಗುತ್ತಿದ್ದ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗಲಿ. ಉಳಿದದ್ದನ್ನು ಯಾರಿಗೂ ಹೇಳಬಾರದೆಂದು ಆಗಲೇ ತೀರ್ಮಾನಿಸಿದ್ದೆ.