ತಂತಿ ಬಿಗಿದ ಗುಂಡಿ

ಮೆಹತಾಬಳ ಎರಡು ಬೆರಳು ತಗಡಿನ ಚೂರುಗಳ ಬುಟ್ಟಿಯಲ್ಲಿ ಸಿಕ್ಕವು. ಪ್ರೆಸ್ ಮೇಲಿನ ರಕ್ತ ಒರೆಸಿ, ಅದೇ ಮಧ್ಯಾಹ್ನ ಜಮಾಲುನ್ನೀಸಾಳನ್ನು ಅಲ್ಲಿ ಕೂರಿಸಿದರು.

ಎಂಬತ್ತಮೂರನೇ ಇಸವಿ. ಅಂತರಸನಹಳ್ಳಿಯ ಆ ಕಾರ್ಖಾನೆಯಲ್ಲಿ ನಾವು ಡಬ್ಬಿಯ ಮುಚ್ಚಳ ಮಾಡುತ್ತಿದ್ದೆವು. ಹೊಸದಾಗಿ ಬಂದ ಪ್ರೆಸ್‌ಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು. ಆಗ ಯಾವ ಕೈಯೂ ಅದರಡಿ ಇರುವುದಿಲ್ಲ. ಸಾಹುಕಾರ ಸದಾಶಿವಯ್ಯ ಒಂದು ಗುಂಡಿಯನ್ನು ಸದಾ ಒತ್ತಿಕೊಂಡೇ ಇರುವಂತೆ ತಂತಿಯಿಂದ ಬಿಗಿಸಿಬಿಟ್ಟಿದ್ದ. ಒಂದು ಕೈ ತಗಡು ತಳ್ಳಲಿ, ಇನ್ನೊಂದು ಗುಂಡಿ ಒತ್ತಲಿ, ಕೆಲಸ ಬೇಗ ಸಾಗುತ್ತದೆ ಎಂದು.

ನಾನು ಅಕ್ಕನಂತೆ ಆಪಾ ಎಂದು ಕರೆಯುತ್ತಿದ್ದ ಜಮಾಲುನ್ನೀಸಾಳ ಕೈಯೂ ಹೋಗದಂತೆ ಹೇಗಾದರೂ ಆ ತಂತಿ ಬಿಚ್ಚಿಸಬೇಕಿತ್ತು. ಸಾಹುಕಾರನ ಎದುರು ನನಗೆ ಬಾಯಿಯೇ ಬರುತ್ತಿರಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ಎಲ್ಲರಿಗೂ ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುವವಳು ನಾನು. ಸಾಹುಕಾರನೂ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನಾಯಕಿ ಸುಮತಿಗೆ ಕಷ್ಟ ಬಂದರೆ ಅವನ ಕಣ್ಣು ಒದ್ದೆಯಾಗುತ್ತಿತ್ತು.

ಆ ವಾರದ ಪತ್ರಿಕೆ ಬಂದಾಗ ಪುಟದಲ್ಲಿ ಇಲ್ಲದ್ದನ್ನು ಓದಿದೆ. ಸುಮತಿ ಕಾರ್ಖಾನೆ ಸೇರಿದಳು. ಅಲ್ಲಿನ ಯಜಮಾನ ಗುಂಡಿಗೆ ತಂತಿ ಬಿಗಿಸಿದ್ದ. ಅಚ್ಚು ಬಿದ್ದು ಮಣಿಕಟ್ಟು ಕತ್ತರಿಸಿತು. ಚರ್ಮದಲ್ಲಿ ನೇತಾಡುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸುಮತಿ ಮನೆಗೆ ನಡೆದಳು.

"ಥೂ, ಪಾಪಿ!" ಸಾಹುಕಾರ ಕಣ್ಣೊರೆಸಿಕೊಂಡ. "ಆ ಯಜಮಾನನ್ನ ಸಿಗಿದು ತೋರಣ ಕಟ್ಬೇಕು ಕಣ್ರೇ."

"ನಮ್ ಪ್ರೆಸ್ಸಿಗೂ ಹಂಗೇ ತಂತಿ ಐತಲ್ಲ ಸಾವ್ಕಾರ್ರೇ," ಎಂದಳು ಜಮಾಲುನ್ನೀಸಾ. "ಮೊದ್ಲು ಯಾರನ್ನ ಸಿಗಿಯಾನ?"

ಅವನು ಪತ್ರಿಕೆ ಕಿತ್ತುಕೊಂಡು ನೋಡಿದ. ಅಲ್ಲಿ ಸುಮತಿ ತವರಿನಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು.

"ನಂಗೇ ಬುದ್ಧಿ ಹೇಳಕ್ಕೆ ಬಂದ್ಯೇನೇ ಮುಂಡೆ?"

ಜಡೆ ಹಿಡಿದು ನನ್ನ ಮುಖವನ್ನು ಕಂಬಕ್ಕೆ ಅಪ್ಪಳಿಸಿದ. ಹಲ್ಲೊಂದು ಮುರಿದು ನಾಲಿಗೆ ಮೇಲೆ ಬಿತ್ತು. ಒದೆಯಲು ಕಾಲೆತ್ತಿದಾಗ ಜಮಾಲುನ್ನೀಸಾ ಹಿಂದಿನಿಂದ ಅವನ ತೋಳು ತಿರುಚಿ, ಪ್ರೆಸ್‌ವರೆಗೆ ದಬ್ಬಿ, ಬಲಗೈಯನ್ನು ಅಚ್ಚಿನಡಿ ಅದುಮಿ ಹಿಡಿದಳು. ಇನ್ನಿಬ್ಬರು ಹೆಂಗಸರು ಅವನ ಬೆನ್ನ ಮೇಲೆ ಬಿದ್ದರು. ಊಟದ ಹೊತ್ತಿನಲ್ಲೂ ಅಲ್ಲಿ ಮೋಟಾರು ನಿಲ್ಲಿಸುತ್ತಿರಲಿಲ್ಲ.

"ಗಂಗಾ, ಗುಂಡಿ ಹತ್ರ ಬಾ," ಎಂದು ಜಮಾಲುನ್ನೀಸಾ ನನ್ನನ್ನು ಕರೆದಳು. " ಒಂದು ಒತ್ತಿದ್ರೆ ಸಾಕು, ಇನ್ನೊಂದು ಅವ್ರೇ ಒತ್ತಿ ಮಡಗವ್ರೆ."

ನಾನು ಎದ್ದು ಹೋಗಿ ಗುಂಡಿಯ ಮೇಲೆ ಬೆರಳಿಟ್ಟೆ.

"ಬ್ಯಾಡ ಕಣವ್ವಾ!" ಸಾಹುಕಾರ ಕಿರುಚಿದ. ಅವನ ಪ್ಯಾಂಟು ಒದ್ದೆಯಾಯಿತು. "ಮುಖ್ತಾರ್, ತಂತಿ ಕತ್ತರ್ಸೋ! ಕತ್ತರ್ಸೋ!"

ಮೇಸ್ತ್ರಿ ಮುಖ್ತಾರ್ ಅಹಮದ್ ಇಕ್ಕಳ ತಂದ. ಎರಡು ಸಲ ಇಕ್ಕಳ ಜಾರಿತು. ತಂತಿ ತುಂಡಾಗಿ ಗುಂಡಿ ಮೇಲೆದ್ದ ಮೇಲೆಯೇ ಜಮಾಲುನ್ನೀಸಾ ಹಿಡಿತ ಬಿಟ್ಟಳು.

ಸಂಜೆಯೊಳಗೆ ನಮ್ಮಿಬ್ಬರನ್ನೂ ಗೇಟಿನಾಚೆ ನೂಕಿದರು. ಮತ್ತೆ ತಂತಿ ಬಿಗಿದರೆ ಆ ಪ್ರೆಸ್ ಮುಟ್ಟುವುದಿಲ್ಲವೆಂದು ಉಳಿದವರು ಮುಖ್ತಾರನಿಗೆ ಹೇಳಿದ್ದರು.

ಬಟವಾಡಿಗೆ ಹೋಗುವ ಬಸ್ಸಿನಲ್ಲಿ ಜಮಾಲುನ್ನೀಸಾ ನನ್ನ ತುಟಿಯ ರಕ್ತಕ್ಕೆ ಸೆರಗು ಒತ್ತಿ ಹಿಡಿದಳು.

"ನಾನು ಹೆದರ್ಸಕ್ಕೆ ಅಂದಿದ್ದು ಕಣೇ. ನಿಜ ಹೇಳು, ನೀನು ಒತ್ತಿಬುಡ್ತಿದ್ಯೇನೇ?"

"ಹೂಂ ಆಪಾ."

ಅವಳು ಸೆರಗು ಹಿಂದಕ್ಕೆಳೆದುಕೊಂಡು ನನ್ನ ಮುಖವನ್ನೇ ನೋಡಿದಳು.