ಕಣ್ಣಿನ ಶಿಬಿರಕ್ಕೆ ಭೈರಮ್ಮ

ಹೊನ್ನವಳ್ಳಿಯ ಶಾಲೆಯಲ್ಲಿ ನಮ್ಮ ಕಾರ್ಖಾನೆಯ ವತಿಯಿಂದ ಉಚಿತ ಕಣ್ಣಿನ ಶಿಬಿರ ಎಂದು ಗೊತ್ತಾದಾಗ ನನಗೆ ಮೊದಲು ನೆನಪಾದದ್ದು ಭೈರಮ್ಮ.

ನಮ್ಮದು ತೆಂಗಿನಕಾಯಿ ಪುಡಿ ಮಾಡುವ ಕಾರ್ಖಾನೆ. ಚಿಪ್ಪಿನಿಂದ ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆಯುವ ನಲವತ್ತು ಹೆಂಗಸರಲ್ಲಿ ಆಕೆಯೇ ಎಲ್ಲರಿಗಿಂತ ಹಳಬಳು. ಸಿಬ್ಬಂದಿ ವಿಭಾಗದಲ್ಲಿರುವ ನಾನು ದಿನಕ್ಕೆರಡು ಸಲ ಅವರ ನಡುವೆ ಹಾದುಹೋಗುತ್ತೇನೆ. ಮೂರು ತಿಂಗಳಿಂದ ಭೈರಮ್ಮ ಹೆರೆದ ಕಾಯಿಯ ಮೇಲೆ ಕಂದು ಪಟ್ಟೆಗಳು ಉಳಿಯುತ್ತಿದ್ದವು. ಪಕ್ಕದಲ್ಲಿ ಕೂರುವ ಗಂಗಲಕ್ಷ್ಮಿ ಅದನ್ನು ಮೆಲ್ಲಗೆ ತೆಗೆದುಕೊಂಡು, ಇನ್ನೊಮ್ಮೆ ಹೆರೆದು ಬುಟ್ಟಿಗೆ ಹಾಕುತ್ತಿದ್ದಳು. ಮೇಲ್ವಿಚಾರಕರಿಗೆ ಗೊತ್ತಾದರೆ ಭೈರಮ್ಮನ ಕೆಲಸ ಹೋಗುತ್ತದೆ. ನಾನು ನೋಡಿಯೂ ನೋಡದಂತಿದ್ದೆ. ಶಿಬಿರದ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿಸಿ, ಆಕೆಗೂ ತಿಳಿಸಿದೆ.

ಮ್ಯಾನೇಜರ್ ಸೂರ್ಯಪ್ರಕಾಶ್ ಪಟ್ಟಿ ತಿರುವಿದರು.

"ಈಯಮ್ಮ ನಮ್ಮ ಲೇಬರ್ ಅಲ್ವೇನ್ರೀ? ಹೊಡೆದುಹಾಕಿ. ಸಿಎಸ್‌ಆರ್ ದುಡ್ಡು ಊರಿನೋರಿಗೆ. ನಮ್ಮೋರಿಗೇ ಖರ್ಚು ಮಾಡ್ಕೊಂಡ್ರೆ ಆಡಿಟ್‌ನೋರು ಬಿಡ್ತಾರಾ?"

ನಿಯಮವನ್ನು ನಾನು ಓದಿದ್ದೆ. ನೌಕರರಿಗಾಗಿಯೇ ಮಾಡಿದ್ದು ಸಮಾಜಸೇವೆಯ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರಿಗೂ ಮಾಡಿದ್ದರಲ್ಲಿ ನೌಕರರೂ ಇದ್ದರೆ ತಪ್ಪಿಲ್ಲ. ಇದನ್ನು ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಫೋನ್ ಎತ್ತಿಕೊಂಡಿದ್ದರು. ನಾನು ಹೆಸರಿನ ಮೇಲೆ ಗೆರೆ ಎಳೆದೆ. ಭೈರಮ್ಮನಿಗೆ ನಾಳೆ ಹೇಳಿದರಾಯಿತು ಎಂದುಕೊಂಡೆ, ಹೇಳಲಿಲ್ಲ.

ಭಾನುವಾರ ಆಕೆ ಶಿಬಿರಕ್ಕೆ ಬಂದಳು. ಕಾರ್ಖಾನೆಯ ಹಸಿರು ಏಪ್ರನ್ನು, ತಲೆಗೆ ಟೋಪಿ. ಜೊತೆಯಲ್ಲಿ ತನ್ನ ಬೀದಿಯ ಮೂವರು ಮುದುಕಿಯರು.

"ಬನ್ರವ್ವ, ಎದ್ರುಕೋಬ್ಯಾಡಿ. ನಮ್ ಕಂಪ್ನೀದೇ ಕ್ಯಾಂಪು."

"ನಿಂದಾ ಕಂಪ್ನಿ? ಹಂಗಾರೆ ನನ್ಗೂ ಒಂದ್ ಟೋಪಿ ಕೊಡ್ಸೇ," ಎಂದು ನಕ್ಕಳು ಅವರಲ್ಲೊಬ್ಬಳಾದ ನಿಂಗಮ್ಮ.

ಹೆಸರು ಬರೆಯುವ ಮೇಜಿನಲ್ಲಿ ನಾನಿದ್ದೆ. ತಗ್ಗಿದ ದನಿಯಲ್ಲಿ ಹೇಳಿದೆ: "ಭೈರಮ್ಮ, ಕೆಲಸದೋರ್ಗೆ ಇಲ್ವಂತೆ. ಊರಿನೋರ್ಗೆ ಮಾತ್ರ."

"ನಾನ್ಯಾವೂರೋಳು ಮತ್ತೆ? ಇಲ್ಲೇ ಹುಟ್ಟಿ ಇಲ್ಲೇ ಮದ್ವೆಯಾದೋಳು ಕಣ್ರವ್ವ."

ಜಗಲಿಯ ಆ ತುದಿಯಲ್ಲಿ ಸೂರ್ಯಪ್ರಕಾಶ್ ಫೋಟೊದವನಿಗೆ ಏನೋ ಹೇಳುತ್ತಿದ್ದರು. ನಾನು ಅವರತ್ತ ಒಮ್ಮೆ ನೋಡಿಕೊಂಡೆ.

"ಏಪ್ರನ್ನು ಬಿಚ್ಚಿಬಿಡಿ. ಮನೆಗೆಲಸ ಅಂತ ಬರ್ಕೋತೀನಿ."

ಮುದುಕಿಯರು ಮೂವರೂ ಕೇಳಿಸಿಕೊಳ್ಳುತ್ತಿದ್ದರು. ಭೈರಮ್ಮ ನಿಂತೇ ಇದ್ದಳು.

"ಬುಡು ಕಣೇ, ಕಣ್ಣು ಮುಖ್ಯ," ಎಂದಳು ನಿಂಗಮ್ಮ. ಈ ಸಲ ನಗಲಿಲ್ಲ.

ಭೈರಮ್ಮ ಏಪ್ರನ್ನು, ಟೋಪಿ ಎರಡನ್ನೂ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ನಾನು ಬರೆದೆ.

ತಿಪಟೂರಿನ ಆಸ್ಪತ್ರೆಗೆ ಕರೆದೊಯ್ದು ಕಣ್ಣಿನ ಪೊರೆ ತೆಗೆದರು. ಒಂದು ತಿಂಗಳ ಮೇಲೆ ಆಕೆ ಕೆಲಸಕ್ಕೆ ಬಂದಾಗ ಹೆರೆದ ಕಾಯಿ ಪೂರಾ ಬೆಳ್ಳಗಿತ್ತು. ಗಂಗಲಕ್ಷ್ಮಿ ಕೈ ಹಾಕಬೇಕಾಗಲಿಲ್ಲ.

ಆ ವಾರವೇ ಮುಖ್ಯ ಕಚೇರಿಯಿಂದ ನೌಕರರ ತೃಪ್ತಿಯ ಬಗ್ಗೆ ಪ್ರಶ್ನೆಗಳ ಹಾಳೆ ಬಂತು. ನಾನು ಓದಬೇಕು, ಅವರು ಒಂದರಿಂದ ಐದರವರೆಗೆ ಅಂಕ ಹೇಳಬೇಕು. ಭೈರಮ್ಮನ ಬಳಿ ಕುಳಿತು ಓದಿದೆ: "ಕಂಪನಿಯ ಸಮಾಜಸೇವೆಯಿಂದಾಗಿ ಇಲ್ಲಿ ದುಡಿಯಲು ನನಗೆ ಹೆಮ್ಮೆ ಎನಿಸುತ್ತದೆ."

"ಒಂದು."

"ಕಣ್ಣು ಬಂತಲ್ಲ, ಭೈರಮ್ಮ?"

"ಬಂತು ಕಣ್ರವ್ವ, ಸುಳ್ಳು ಹೇಳಾಕಿಲ್ಲ. ಕಣ್ಣು ಕೊಟ್ಟಿದ್ದು ಮನೆಗೆಲಸದ ಭೈರಮ್ಮಂಗೆ. ಅವ್ಳು ಐದು ಕೊಟ್ಟಾಳು, ಹೋಗಿ ಕೇಳಿ. ನೀವೀಗ ಕೇಳ್ತಿರೋದು ಫ್ಯಾಕ್ಟ್ರಿ ಭೈರಮ್ಮನ್ನ."

ಆಕೆಯ ಕೈಯಲ್ಲಿದ್ದ ಚಾಕು ಒಮ್ಮೆಯೂ ನಿಲ್ಲಲಿಲ್ಲ. ಒಂದು ಎಂದು ಬರೆದರೆ ಸೂರ್ಯಪ್ರಕಾಶ್ ನನ್ನನ್ನು ಕರೆಸಿ ಕಾರಣ ಕೇಳುತ್ತಾರೆ. ಆದರೂ ಒಂದು ಎಂದೇ ಬರೆದೆ.

"ನಂದೂ ಅಷ್ಟೇ ಹಾಕ್ಕಳಿ ಮೇಡಂ," ಎಂದಳು ಗಂಗಲಕ್ಷ್ಮಿ, ತಲೆಯೆತ್ತದೆ. "ಓದೋದೇನೂ ಬ್ಯಾಡ."