ಫ್ರೀಜರಿನಲ್ಲಿಟ್ಟ ಗಂಗೆ

ಮೀನು ತಿನ್ನದ ಮನೆಯಲ್ಲಿ ಫ್ರೀಜರಿಗೇನು ಕೆಲಸ? ಸಾಲಿಗ್ರಾಮದ ಕೃಷ್ಣಯ್ಯನವರ ಮನೆಯ ಫ್ರಿಡ್ಜಿನಲ್ಲಿ ಕೆಳಗೆಲ್ಲ ನಿನ್ನೆಯ ಅನ್ನ, ಸಾರು, ಹುಳಿಯ ಮುಸುರೆ. ಮೇಲಿನ ಫ್ರೀಜರ್ ಮಾತ್ರ ದೇವರ ಕೋಣೆಯಷ್ಟು ಚೊಕ್ಕ. ಕಾಯಿಲೆಯವರನ್ನು ನೋಡಲು ಬಂದವರು ಮುಟ್ಟಿ ಮೈಲಿಗೆಯಾದೀತೆಂದು ಸೊಸೆ ಸಿಂಚನಾ ಆ ದಿನ ಬೆಳಿಗ್ಗೆ ಗಂಗಾಜಲದ ಬಾಟಲಿಯನ್ನು ಅಲ್ಲಿಟ್ಟಳು. ನೆಂಟರೊಬ್ಬರು ಗಂಗೋತ್ರಿಯಿಂದ ತಂದುಕೊಟ್ಟ ತಿಳಿಯಾದ ನೀರು. ಮಡಿಯ ಲೆಕ್ಕದಲ್ಲಿ ಅವಳು ಮಾಡಿದ್ದು ತಪ್ಪೇ ಅಲ್ಲ. ಫಿಸಿಕ್ಸಿನಲ್ಲಿ ಬಿ.ಎಸ್ಸಿ. ಮಾಡಿದವಳಿಗೆ ಬೇರೆ ಲೆಕ್ಕವೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮಾವ ಕೃಷ್ಣಯ್ಯನವರನ್ನು ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿ ಎರಡು ದಿನವಾಗಿತ್ತು. ಅವರು ಕೇಳುತ್ತಿದ್ದುದು ಒಂದೇ: "ಸೀತು ಬಂತಾ?" ಸೀತು ಅವರ ಒಬ್ಬಳೇ ತಂಗಿ. ಇಪ್ಪತ್ತೆರಡು ವರ್ಷದ ಹಿಂದೆ ಬೇರೆ ಜಾತಿಯ ಬಸ್ ಡ್ರೈವರನ್ನು ಮದುವೆಯಾಗಿ ಬೈಂದೂರು ಸೇರಿದವಳು. ಅದರಿಂದಲೇ ತನ್ನ ಮಗಳಿಗೆ ಬಂದ ಎರಡು ಸಂಬಂಧ ತಪ್ಪಿದವೆಂದು ಅತ್ತೆ ಪಂಕಜಾಕ್ಷಿಯವರ ಸಿಟ್ಟು. "ನಾ ಇಪ್ಪಲ್ಲಿವರಿಗ್ ಅದ್ ಈ ಹೊಸ್ಲ್ ದಾಟುಕಾಗ" ಎಂದು ಅವತ್ತು ಹೇಳಿದ್ದನ್ನು ಇವತ್ತಿಗೂ ಬಿಟ್ಟಿರಲಿಲ್ಲ. ಹಿಡಿದರೆ ಉಡದ ಪಟ್ಟು. ಸೀತುವನ್ನು ಕರೆಸೋಣವೆಂದು ಮಗ ರವಿಶಂಕರ್ ಎರಡು ಸಲ ಬಾಯಿಬಿಟ್ಟು ಎರಡು ಸಲವೂ ಬೈಸಿಕೊಂಡಿದ್ದ. ಮಾವನ ಕಣ್ಣು ಬಾಗಿಲ ಕಡೆಗೇ ಇರುವುದನ್ನು ಸಿಂಚನಾ ಎರಡು ದಿನದಿಂದ ನೋಡುತ್ತಿದ್ದಳು.

ಹತ್ತೂವರೆಗೆ ಅವರ ಉಸಿರು ಏರುಪೇರಾಯಿತು.

"ಗಂಗೆ ತಕಂಡ್ ಬಾ, ಬೇಗ!" ಎಂದರು ಪಂಕಜಾಕ್ಷಿ.

ಸಿಂಚನಾ ಬಾಟಲಿ ತಂದಳು. ನೀರು ನೀರಾಗಿಯೇ ಇತ್ತು, ಸದ್ಯ. ಅತ್ತೆ ಮುಚ್ಚಳ ತೆಗೆದು ಉದ್ಧರಣೆಗೆ ಬಗ್ಗಿಸಿದರು. ಬಿದ್ದ ನೀರು ಬಿದ್ದ ಹಾಗೇ ಬೆಳ್ಳಗಾಗಿ ಉದ್ಧರಣೆಯಲ್ಲಿ ಗುಪ್ಪೆಯಾಯಿತು. ಬಾಟಲಿಯೊಳಗೂ ಬಾಯಿಂದ ತಳದವರೆಗೆ ಬಿಳಿ ಎಳೆಗಳು ಸರ್ರನೆ ಇಳಿದವು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಂಗೆ ಗಟ್ಟಿ.

ಪಂಕಜಾಕ್ಷಿ ಬಾಟಲಿ ಕೆಳಗಿಟ್ಟರು. "ಗಂಗೆ ಇವ್ರ್ ಬಾಯಿಗ್ ಬತ್ತಿಲ್ಲೆ. ಒಡಹುಟ್ಟಿದ್ದನ್ನ ದೂರ ಮಾಡ್ದೆ, ನನ್ನ್ ಪಾಪ ಇದ್" ಎಂದವರು ಸೀದಾ ಜಗಲಿಯ ಫೋನಿನ ಹತ್ತಿರ ಹೋದರು. "ರವೀ, ಸೀತು ನಂಬ್ರ್ ಹೇಳ್!"

ಸಿಂಚನಾಳಿಗೆ ಆಗ ಎಲ್ಲ ಅರ್ಥವಾಯಿತು. ಅಲುಗಾಡದೆ ತಣಿದ ತಿಳಿನೀರು ಕೆಲವೊಮ್ಮೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ನೀರಾಗಿಯೇ ಉಳಿಯುತ್ತದೆ. ಗಟ್ಟಿಯಾಗಬೇಕಾದರೆ ಎಲ್ಲೋ ಒಂದು ಕಡೆ ಮೊದಲ ಹರಳು ಹುಟ್ಟಬೇಕು. ಒಂದು ಕುಲುಕು, ಒಂದು ಪೆಟ್ಟು ಸಿಕ್ಕಿದರೆ ಸಾಕು, ಆ ಹರಳನ್ನು ಹಿಡಿದುಕೊಂಡು ಉಳಿದ ನೀರೂ ಕ್ಷಣದಲ್ಲಿ ಹರಳುಗಟ್ಟುತ್ತದೆ. ಇದರಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಇಷ್ಟು ಹೇಳಲು ಅರ್ಧ ನಿಮಿಷ ಬೇಡ. ಆದರೆ ಹೇಳಿದರೆ ಅತ್ತೆ ಫೋನ್ ಇಟ್ಟುಬಿಡುತ್ತಾರೆ.

ನಂಬರು ಒತ್ತುತ್ತಿದ್ದ ಅತ್ತೆ ತಟ್ಟನೆ ತಿರುಗಿದರು. "ಹೆಣ್ಣೆ, ನೀ ಸಾಯನ್ಸ್ ಓದ್ದವ್ಳ್ ಅಲ್ದಾ? ಇದೆಂತ, ಹೇಳ್!"

ಸಿಂಚನಾ ಮಾವ ಮಲಗಿದ್ದ ಕಡೆ ನೋಡಿದಳು.

"ನಂಗೊತ್ತಿಲ್ಲೆ ಅತ್ತೆ" ಎಂದಳು.

ಓದಿದ ವಿದ್ಯೆಗೇ ದ್ರೋಹ ಮಾಡಿದಂತಾಗಿ ಅವಳಿಗೆ ನಾಚಿಕೆಯಾಯಿತು. ಅತ್ತ ಫೋನ್ ರಿಂಗಾಗುವುದು ಕೇಳಿ ಸಮಾಧಾನವೂ ಆಯಿತು.

ಸೀತು ಬರುವಾಗ ಗಂಟೆ ಹನ್ನೆರಡೂವರೆ. ಹೊಸ್ತಿಲ ಬಳಿ ನಿಂತೇ ಇದ್ದವಳನ್ನು ಪಂಕಜಾಕ್ಷಿ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಗಂಗೆ ಕರಗಿತ್ತು. "ಅಣ್ಣಯ್ಯ, ನಾನ್ ಬಂದೆ" ಎನ್ನುತ್ತ ಸೀತುವೇ ಬಾಯಿಗೆ ಬಿಟ್ಟಳು. ಕೃಷ್ಣಯ್ಯ ಗುಟುಕರಿಸಿದರು. ತಂಗಿಯ ಕೈ ಬಿಡದೆ ಮತ್ತೆ ಎರಡು ದಿನ ಇದ್ದು, ಮೂರನೆಯ ದಿನ ಹೋದರು.

ಹದಿಮೂರು ಕಳೆದು ನೆಂಟರೆಲ್ಲ ಹೊರಟ ಮೇಲೆ ಸಿಂಚನಾಳಿಗೆ ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯೆದುರು ಕೂತು, ಫ್ರೀಜರಿನಲ್ಲಿಟ್ಟದ್ದು, ನೀರು ಗಟ್ಟಿಯಾದ ಕಾರಣ, ತಾನು ಹೇಳಿದ ಸುಳ್ಳು, ಎಲ್ಲವನ್ನೂ ಒಪ್ಪಿಸಿದಳು. ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು.

ಪಂಕಜಾಕ್ಷಿ ಅಲಸಂಡೆ ಮುರಿಯುವುದನ್ನು ನಿಲ್ಲಿಸಲಿಲ್ಲ. "ಬಾಟ್ಲಿ ಕೈಗ್ ಹಿಡ್ದಾಗ್ಳೇ ತಣ್ಣಗಿತ್ತ್. ಎಂತದೋ ಕಾರಣ ಇತ್ತ್ ಅಂದೇಳಿ ನಂಗೂ ಅನ್ಸಿತ್" ಎಂದರು. ಇನ್ನೊಂದು ಅಲಸಂಡೆ ಎತ್ತಿಕೊಂಡು ಮತ್ತೆ ಹೇಳಿದರು: "ನಿನ್ನತ್ರ ಯಾಕ್ ಕೇಂಡೆ ಗೊತ್ತಿತ್ತಾ? ನೀ ಎಂತಾರು ಒಂದ್ ಕಾರಣ ಹೇಳಿರೆ, ಫೋನ್ ಇಟ್ಬಿಡುವ ಅಂದ್ಕಂಡಿದ್ದೆ."